ಬೆನ್ನಿನ ಮೇಲೆ ಒಂದು ಹಗಲು

ಮಾರ್ಚ್ 3

ಇವತ್ತು ನಿರ್ಧಾರ ಮಾಡಿದೆ. ಬರೆದಿಟ್ಟರೆ ನಾಳೆ ಜಾರಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ಈ ಬೇಸಿಗೆ ಮುಗಿಯುವುದರೊಳಗೆ ಬೆನ್ನನ್ನು ಒಂದೇ ಹಗಲಿನಲ್ಲಿ ಓಡಿ ದಾಟುತ್ತೇನೆ.

ಬೆನ್ನು ಅಂದರೆ ನಮ್ಮೂರಿನ ಹಿಂದೆ ಮಲಗಿರುವ ಬೆಟ್ಟಸಾಲು. ಅಣೆಕಟ್ಟೆಯ ಗೇಟಿನಿಂದ ಹೊರಟು ಆಚೆ ಬದಿಯ ಬಸ್ ಡಿಪೋ ಮುಟ್ಟಲು ನಡೆಯುವವರಿಗೆ ನಾಲ್ಕು ದಿನ ಬೇಕು. ಅಲ್ಲಿ ದಾರಿ ಎಂಬುದಿಲ್ಲ. ಬೋರ್ಡಿಲ್ಲ, ಬಾಣದ ಗುರುತಿಲ್ಲ, ಕಂಬಿಯಿಲ್ಲ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂದು ಎಲ್ಲ ಕಡೆಯೂ ಬರೆದಿಟ್ಟಿರುವ ಈ ಲೋಕದಲ್ಲಿ ಉಳಿದಿರುವ ಒಂದೇ ಸ್ವತಂತ್ರ ನೆಲ ಅದು.

ಇದು ತಲೆಗೆ ಹೊಕ್ಕಿದ್ದು ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯಲ್ಲಿ. ನಾನು ಓದಿದ್ದೆಲ್ಲ ಅಲ್ಲಿಯದೇ. ಜನ ಕರಪತ್ರ, ಕಿರುಹೊತ್ತಿಗೆ ತಂದು ನೂರು ಪ್ರತಿ ಮಾಡಿಸುತ್ತಾರೆ. ನಮ್ಮ ಯಂತ್ರವನ್ನು ಓನರಕ್ಕ ‘ಎಮ್ಮೆ’ ಎನ್ನುತ್ತಾರೆ. ಅದು ನೂರರಲ್ಲಿ ಹತ್ತನ್ನು ಅಗಿದು ಉಗಿಯುತ್ತದೆ. ಆ ಕೆಟ್ಟ ಹಾಳೆಗಳು ನನ್ನ ಪಾಲು. ನನ್ನ ಗ್ರಂಥಾಲಯವೆಲ್ಲ ಎಮ್ಮೆಯ ಎಂಜಲು. ಕೆಲವಕ್ಕೆ ತಲೆಯಿಲ್ಲ, ಕೆಲವಕ್ಕೆ ಬಾಲವಿಲ್ಲ. ಆದರೂ ಸತ್ಯ ಸತ್ಯವೇ. ‘ಗುರುತಿಲ್ಲದ ನೆಲ’ ಎಂಬ ಹೊತ್ತಿಗೆಯ ಮೊದಲ ಐದು ಪುಟ ನನ್ನಲ್ಲಿವೆ. ಐದನೆಯ ಪುಟದ ಕೊನೆಯ ಸಾಲನ್ನು ದೊಡ್ಡಕ್ಷರದಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ: “ಬೆಟ್ಟದ ಮೇಲೆ ಮನುಷ್ಯ ಮಾಡಿದ ಪ್ರತಿಯೊಂದು ಗುರುತನ್ನೂ ಕಿತ್ತುಹಾಕಬೇಕು”. ಕೊನೆಗೆ ಪೂರ್ಣವಿರಾಮ ಕೂಡ ಇಲ್ಲ. ಅಷ್ಟು ಆವೇಶ!

ಊಟಕ್ಕೆ ಕೂತಾಗ ಮನೆಯಲ್ಲಿ ಘೋಷಿಸಿದೆ. ಮಾವ ಇದ್ದರು. ಅಮ್ಮನ ಅಣ್ಣ, ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು, ಮನೆ ಎದುರು ಬೀದಿಯಲ್ಲಿದ್ದರೂ ಊಟ ನಮ್ಮಲ್ಲೇ. ರಜೆ ಸಿಕ್ಕಾಗಲೆಲ್ಲ ಬೆನ್ನು ಹತ್ತುತ್ತಿದ್ದರು. ಸೊಂಟ ಹಿಡಿದುಕೊಂಡು ಎರಡು ವರ್ಷವಾಯಿತು, ಈಗ ನಮ್ಮ ಕಿಟಕಿಯಿಂದ ಅದರ ನೆತ್ತಿಯ ಮೋಡ ನೋಡಿ “ಇವತ್ತು ಟೋಪಿ ಹಾಕ್ಕೊಂಡಿದೆ” ಎನ್ನುವುದಷ್ಟೇ.

“ನಾಲ್ಕು ದಿನದ್ದನ್ನ ಒಂದು ದಿನಕ್ಕಾ? ಬಸ್ಸಲ್ಲಿ ಸುತ್ತಿಕೊಂಡು ಹೋದ್ರೇ ಅರ್ಧ ದಿನ ಹಿಡಿಯುತ್ತಲ್ಲೇ ಪುಟ್ಟಿ.”

“ಬಸ್ಸು ಕಂಡಕಂಡಲ್ಲಿ ನಿಲ್ಲುತ್ತೆ ಮಾವ. ನಾನು ನಿಲ್ಲಲ್ಲ.”

ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. “ಮೊದಲು ತಟ್ಟೆ ತೊಳೆದಿಡು. ಅದು ಹತ್ತೇ ಹೆಜ್ಜೆ.”

ನನ್ನ ಷರತ್ತುಗಳು: ನಾನೊಬ್ಬಳೇ. ಯಾರ ಸಹಾಯವೂ ಇಲ್ಲ. ಕೈಗಡಿಯಾರ ಇಲ್ಲ (‘ಗಡಿಯಾರ ಯಜಮಾನ ತೊಡಿಸಿದ ಬೇಡಿ’, ಎರಡನೆಯ ಪುಟ ಮಾತ್ರ ಸಿಕ್ಕಿದೆ). ಬೆಳಕು ಹರಿಯುವಾಗ ಅಣೆಕಟ್ಟೆ ಬಿಡಬೇಕು, ಡಿಪೋದಲ್ಲಿ ದೀಪ ಹೊತ್ತುವ ಮುಂಚೆ ಡಿಪೋದ ಗೋಡೆ ಮುಟ್ಟಬೇಕು. ದೀಪ ಹೊತ್ತಿದ ಮೇಲೆ ಮುಟ್ಟಿದರೆ ಸೋತ ಹಾಗೆ.

ಮಾರ್ಚ್ 17

ಮೋಸ! ಬೆನ್ನಿನ ಮೇಲೂ ಗುರುತುಗಳಿವೆ!

ದಾರಿ ಅರಿಯಲು ಇವತ್ತು ಮೊದಲ ಭಾಗ ಹತ್ತಿದೆ. ಎರಡನೆಯ ದಿಬ್ಬದ ನೆತ್ತಿಯಲ್ಲಿ, ಎದುರುಬದುರು ನಿಂತ ಎರಡು ಬಂಡೆಗಳ ನಡುವೆ (ಥೇಟ್ ನಲ್ಲಿಯ ಬಳಿ ಜಗಳಕ್ಕೆ ನಿಂತ ಹೆಂಗಸರು) ಒಂದರ ಮೇಲೊಂದು ಮೂರು ಕಲ್ಲು. ತಾವಾಗಿ ಕೂತದ್ದಲ್ಲ, ಯಾರೋ ಕೂರಿಸಿದ್ದು. ಮೊಣಕಾಲೆತ್ತರವೂ ಇಲ್ಲ, ಕಣ್ಣಿಟ್ಟು ಹುಡುಕಿದರೆ ಮಾತ್ರ ಕಾಣುತ್ತದೆ. ಅದರ ಬಳಿ ನಿಂತು ನೋಡಿದರೆ ದೂರದಲ್ಲಿ ಇನ್ನೊಂದು. ಅಲ್ಲಿಂದ ಮತ್ತೊಂದು. ಯಾರೋ ದೊಡ್ಡ ಮನುಷ್ಯ ಇಡೀ ಬೆಟ್ಟಕ್ಕೆ ‘ಹೀಗೆ ಬನ್ನಿ, ಹೀಗೆ ಹೋಗಿ’ ಎಂದು ಅಪ್ಪಣೆ ಕೊಟ್ಟಿದ್ದಾನೆ.

ಐದನೆಯ ಪುಟ ನೆನಪಾಯಿತು. ಒಂಬತ್ತು ಗುಡ್ಡೆ ಕೆಡವಿದೆ. ಒಂದೊಂದು ಕಲ್ಲನ್ನೂ ಎತ್ತಿ ದೂರ ಎಸೆಯುವಾಗ ಎಷ್ಟು ಖುಷಿಯಾಯಿತೆಂದರೆ ಕೂಗಿಬಿಟ್ಟೆ. ಮೊದಲ ಗುಡ್ಡೆಯ ನೆತ್ತಿಗಲ್ಲು ಚಪ್ಪಟೆ, ಕಪ್ಪು ಮೈ, ಹೊಟ್ಟೆಯ ಮೇಲೆ ಬಿಳಿ ಪಟ್ಟೆ. ಅದನ್ನು ಮಾತ್ರ ವಿಜಯದ ಗುರುತಾಗಿ ಜೇಬಿಗೆ ಹಾಕಿಕೊಂಡೆ.

ಮಾರ್ಚ್ 19

ಕಲ್ಲು ಅಂಗಡಿಗೆ ಒಳ್ಳೆಯದಾಯಿತು. ಫ್ಯಾನ್ ಹಾಕಿದರೆ ಹಾಳೆಗಳು ಹಾರುತ್ತಿದ್ದವು, ಈಗ ಇದರ ಕೆಳಗೆ ತೆಪ್ಪಗೆ ಬಿದ್ದಿರುತ್ತವೆ.

“ಏನಮ್ಮಾ ಕ್ರಾಂತಿ, ಬೆಟ್ಟ ಕಿತ್ತು ತರ್ತಿದ್ದೀಯಾ ಕಂತಿನ ಮೇಲೆ?” ಎಂದರು ಓನರಕ್ಕ. ಅವರು ನನ್ನನ್ನು ಕರೆಯುವುದೇ ಹಾಗೆ.

ಏಪ್ರಿಲ್ 1

ಎರಡು ದಿನ ರಜೆ ಹಾಕಿ ಬೆನ್ನಿನ ನಡುಭಾಗ ಮುಗಿಸಿದೆ. ಒಂದು ರಾತ್ರಿ ಬಂಡೆಯ ಮರೆಯಲ್ಲಿ ಮಲಗಿದ್ದೆ. ಬಾಳೆಹಣ್ಣು ಜಜ್ಜಿಹೋಗಿ ಹೊದಿಕೆಯೆಲ್ಲ ಅದರ ವಾಸನೆ. ಏನು ಸುಖ!

ಕೆಡವಿದ್ದು ಹದಿನೇಳು, ಒಟ್ಟು ಇಪ್ಪತ್ತಾರು. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಹಾಸುಬಂಡೆಯ ಮೇಲೆ: ಒಂಬತ್ತು. ಅರ್ಧ ಮೈಲಿ ಉದ್ದದ ಬೋಳು ಬಂಡೆ, ಎಡಕ್ಕೆ ಪ್ರಪಾತ, ಬಲಕ್ಕೆ ಮುಳ್ಳುಪೊದೆ. ಬಿಸಿಲಿನಲ್ಲಿ ಅಲ್ಲಿ ಓಡುವುದೆಂದರೆ ಯಾರೋ ಅಂಗೈ ಚಾಚಿದ್ದಾರೆ, ನಾವು ಅದರ ಮೇಲಿನ ಇರುವೆ, ಹಾಗಿರುತ್ತದೆ. ಇಂಥ ಬಟಾಬಯಲಲ್ಲಿ ಗುರುತು ಯಾಕೆ? ಕಣ್ಣಿಲ್ಲವೇ ಮನುಷ್ಯನಿಗೆ?

ಯಾರಾದರೂ ಮತ್ತೆ ಪೇರಿಸಿದರೆ ಗೊತ್ತಾಗಲೆಂದು ಒಂದೊಂದಕ್ಕೂ ಹೆಸರಿಟ್ಟು ಪಟ್ಟಿ ಮಾಡುತ್ತಿದ್ದೇನೆ. ಜಗಳಗಂಟಿಯರು, ಸೋರುವ ನಲ್ಲಿ, ಅಮ್ಮನ ಇಸ್ತ್ರಿಪೆಟ್ಟಿಗೆ, ಹಲ್ಲಿಲ್ಲದ ಬಾಯಿ, ಮುರಿದ ಬೆಂಚು... ಶತ್ರುಗಳ ಪಟ್ಟಿ. ಬಸ್ ಸ್ಟಾಪುಗಳ ಹಾಗೆ ಬಾಯಿಪಾಠ ಬಂದುಬಿಟ್ಟಿದೆ.

ಏಪ್ರಿಲ್ 14

ಡಿಪೋದ ಕಡೆಯಿಂದ ಹತ್ತಿ ಉಳಿದ ಹದಿನೈದನ್ನೂ ಮುಗಿಸಿದೆ. ನಲವತ್ತೊಂದು! ಬೆನ್ನು ಈಗ ಸ್ವತಂತ್ರ.

ಏಪ್ರಿಲ್ 20

ಮಾವ ಪಿಂಚಣಿ ಕಾಗದದ ಪ್ರತಿ ಮಾಡಿಸಲು ಅಂಗಡಿಗೆ ಬಂದಿದ್ದರು. ಎಮ್ಮೆ ಬಿಸಿಯಾಗುವವರೆಗೆ ಮೇಜಿನ ಮೇಲಿನ ಕಲ್ಲನ್ನು ಎತ್ತಿಕೊಂಡು ನೋಡಿದರು. ತಿರುಗಿಸಿ ಹೊಟ್ಟೆಯನ್ನೂ ನೋಡಿದರು.

“ಎಲ್ಲಿ ಸಿಕ್ತು?”

“ಬೆನ್ನಿನ ಮೇಲೆ. ಎರಡನೇ ದಿಬ್ಬದಲ್ಲಿ.”

“ಹೂಂ.” ಹೆಬ್ಬೆರಳಿನಿಂದ ಬಿಳಿ ಪಟ್ಟೆ ಸವರಿದರು. “ಒಳ್ಳೇ ಕಲ್ಲು.”

ಪ್ರತಿ ತೆಗೆದುಕೊಂಡು ಹೋದರು, ಅಸಲು ಕಾಗದ ಯಂತ್ರದೊಳಗೇ ಬಿಟ್ಟು. ವಯಸ್ಸಾಯಿತು ಪಾಪ. ರಾತ್ರಿ ಊಟಕ್ಕೂ ಬರಲಿಲ್ಲ, ಜ್ವರವಂತೆ.

ಏಪ್ರಿಲ್ 23

ಮಾವನ ಜ್ವರ ಬಿಟ್ಟಿದೆ. ಬಿಟ್ಟದ್ದೇ ತಡ, ನನ್ನ ಓಟದ ಬೆನ್ನುಬಿದ್ದಿದ್ದಾರೆ. ನೀರು ಎಲ್ಲೆಲ್ಲಿ ಸಿಗುತ್ತದೆ, ಯಾವ ಇಳಿಜಾರಿನಲ್ಲಿ ಜಲ್ಲಿ ಸಡಿಲ, ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ, ಎಲ್ಲ ಹೇಳಿದರು. ಚಪಾತಿ ಲಟ್ಟಿಸುವ ಮಣೆ ಬೋರಲು ಹಾಕಿ ಅದೇ ಬೆನ್ನು ಎಂದು ಬೆರಳಿನಿಂದ ದಾರಿ ತೋರಿಸಿದರು. “ಇಲ್ಲಿ ಓಡಬೇಡ, ನಡಿ. ಇಲ್ಲಿ ನಡೀಬೇಡ, ಓಡು. ಇಲ್ಲಿ ಸುಮ್ನೆ ನಿಂತು ಒಂದು ಸಲ ನೋಡು, ಅಷ್ಟೆ.”

ಯಾರ ಸಹಾಯವೂ ಬೇಡ ಎಂಬ ಷರತ್ತು ಮುರಿಯಿತೇ ಎಂದು ಯೋಚಿಸಿದೆ. ಇಲ್ಲ. ಮಾಹಿತಿ ಸಹಾಯವಲ್ಲ, ಮಾಹಿತಿ ಎಲ್ಲರ ಸೊತ್ತು. ಯಾವುದೋ ಪುಟದಲ್ಲಿ ಓದಿದ ನೆನಪು.

ಏಪ್ರಿಲ್ 29

ಸಿಟ್ಟು ಇಳಿಯುವ ಮುಂಚೆ ಬರೆಯುತ್ತಿದ್ದೇನೆ.

ಬೆಟ್ಟದ ಕಚೇರಿಯ ಗುಮಾಸ್ತ ಇವತ್ತು ನಮ್ಮ ಅಂಗಡಿಗೇ ಒಂದು ಪ್ರಕಟಣೆ ತಂದು ಇನ್ನೂರು ಪ್ರತಿ ಮಾಡಿಸಿದ. ನನ್ನ ಕೈಯಿಂದಲೇ! “ಕಳೆದ ಕೆಲವು ವಾರಗಳಲ್ಲಿ ಮೂರು ತಂಡಗಳು ದಾರಿ ತಪ್ಪಿರುವುದರಿಂದ, ಜೂನ್ ಒಂದರಿಂದ ಮಾರ್ಗದರ್ಶಕರಿಲ್ಲದೆ ಬೆಟ್ಟ ಹತ್ತುವುದನ್ನು ನಿಷೇಧಿಸಲಾಗಿದೆ. ಮಾರ್ಗದುದ್ದಕ್ಕೂ ಬಣ್ಣದ ಬಾಣ ಮತ್ತು ಕಬ್ಬಿಣದ ಕಂಬಿ ಅಳವಡಿಸಲಾಗುವುದು.” ಮೂರು ತಂಡಗಳೂ ಕ್ಷೇಮವಂತೆ, ಒಬ್ಬರ ಟೋಪಿ ಮಾತ್ರ ಗಾಳಿಗೆ ಹೋಗಿದೆಯಂತೆ.

ಇಷ್ಟು ವರ್ಷ ತಪ್ಪದ ದಾರಿ ಈಗಲೇ ತಪ್ಪಿತಂತೆ! ಶುದ್ಧ ಪಿತೂರಿ.

ಎಮ್ಮೆ ಕೂಡ ಪ್ರತಿಭಟಿಸಿತು, ಮೂವತ್ತು ಹಾಳೆ ಅಗಿದುಹಾಕಿತು. ಮೊದಲ ಸಲ ಅದರ ಬೆನ್ನು ತಟ್ಟಿದೆ.

ಓಟದ ದಿನ ಗೊತ್ತು ಮಾಡಿದೆ: ಮೇ 26, ಭಾನುವಾರ. ಕಂಬಿ ಬರುವ ಮುಂಚಿನ ಕೊನೆಯ ಭಾನುವಾರ. ಗುರುತಿಲ್ಲದ ಬೆನ್ನನ್ನು ಒಬ್ಬಳೇ ಒಂದು ಹಗಲಲ್ಲಿ ದಾಟಿ ಬಂದರೆ, ಕಂಬಿ ಬೇಕೆನ್ನುವವರ ಬಾಯಿ ತಾನಾಗಿ ಮುಚ್ಚುತ್ತದೆ. ಆಗದಿದ್ದರೆ ಮುಂದೆ ಎಂದೂ ಇಲ್ಲ.

ಮೇ 8

ಬೆಳಿಗ್ಗೆ ನೀರಿನ ಟ್ಯಾಂಕಿನ ಮೆಟ್ಟಿಲು ನಲವತ್ತು ಸಲ. ಓನರಕ್ಕ ಅಂಗಡಿ ತೆರೆಯುವುದನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದ್ದಾರೆ. ನನಗಾಗಿ ಅಲ್ಲ, ಎಮ್ಮೆಗೆ ವಿಶ್ರಾಂತಿ ಬೇಕಂತೆ.

ಅಮ್ಮ ಬೆನ್ನಿಗೆ ಅಂಟಿ ಕೂರುವ ಒಂದು ಚೀಲ ಹೊಲಿದಿದ್ದಾಳೆ, ಶಾಲೆಯ ಸಮವಸ್ತ್ರದ ಉಳಿಕೆ ಬಟ್ಟೆಯಲ್ಲಿ. ಎದೆಯ ಮೇಲೆ ಆರು ಜೇಬು. ಕಡಲೆಬೀಜಕ್ಕೊಂದು, ಮೊಟ್ಟೆಗೊಂದು, ನೀರಿಗೆರಡು.

“ಇನ್ನೆರಡು ಯಾಕಮ್ಮ?”

“ಒಂದು ಬ್ಯಾಂಡೇಜಿಗೆ. ಇನ್ನೊಂದು ನಿನ್ನ ಸಿದ್ಧಾಂತಕ್ಕೆ. ಅದಕ್ಕೆ ಮಾತ್ರ ಗುಂಡಿ ಇಟ್ಟಿದ್ದೀನಿ, ಬೀಳದ ಹಾಗೆ.”

ಹೊಲಿಗೆಯೂ ಸಹಾಯವಲ್ಲ. ಅದು ಕಲೆ.

ಮೇ 15

ಬೆಳಿಗ್ಗೆ ಅಣೆಕಟ್ಟೆಯಿಂದ ಮೂರನೆಯ ದಿಬ್ಬಕ್ಕೆ ಹೋಗಿ ಬಂದೆ. ಇಳಿಯುವಾಗ ಕಾಲು ನನ್ನದಾಗಿರಲಿಲ್ಲ, ಅದೇ ಓಡುತ್ತಿತ್ತು, ನಾನು ಮೇಲೆ ಕೂತಿದ್ದೆ. ಹಾಡಿಕೊಂಡು ಬಂದೆ. ಬೇರೇನೂ ಬರೆಯುವುದಿಲ್ಲ.

ಮೇ 23

ಇವತ್ತು ಭೂಗೋಳದ ಮೇಷ್ಟ್ರು ಬಂದಿದ್ದರು. ‘ಗುರುತಿಲ್ಲದ ನೆಲ’ ಬರೆದವರು ಅವರೇ. ಕಂಬಿಯ ವಿರುದ್ಧ ಹಂಚಲು ಅದನ್ನೇ ಮತ್ತೆ ಪ್ರತಿ ಮಾಡಿಸಬೇಕಿತ್ತು. ನಾನು ಎದ್ದು ನಿಂತೆ. ಗೋಡೆಗೆ ಅಂಟಿಸಿಕೊಂಡ ಸಾಲಿನ ಒಡೆಯ ಎದುರಿಗೆ ನಿಂತರೆ ಕೂರುವುದು ಹೇಗೆ?

ಹಾಳೆಗಳನ್ನು ಒಂದೊಂದಾಗಿ ಎಮ್ಮೆಗೆ ಹಾಕಿದೆ. ಐದನೆಯ ಪುಟ. ನನ್ನ ಸಾಲು. ಆಮೇಲೆ ಮೊದಲ ಸಲ ಆರನೆಯ ಪುಟ ನೋಡಿದೆ. ಅದರ ಮೊದಲ ಸಾಲು:

“ಎಂದು ಕೂಗುವವರು ಬೆಟ್ಟ ಹತ್ತಿದವರಲ್ಲ. ಬಣ್ಣ ಬೇಡ, ಕಂಬಿ ಬೇಡ. ಆದರೆ ಬೆನ್ನಿನ ಮೇಲಿನ ನಲವತ್ತೊಂದು ಕಲ್ಲುಗುಡ್ಡೆಗಳನ್ನು ದಯವಿಟ್ಟು ಯಾರೂ ಮುಟ್ಟಬೇಡಿ.”

ಎಮ್ಮೆ ತನ್ನ ಪಾಡಿಗೆ ನೂರು ಪ್ರತಿ ಉಗಿಯುತ್ತಿತ್ತು. ಒಂದನ್ನೂ ಅಗಿಯಲಿಲ್ಲ.

“ಮೇಷ್ಟ್ರೇ, ಈ ಗುಡ್ಡೆಗಳನ್ನ ಯಾರು ಇಟ್ಟಿದ್ದು?”

“ಒಬ್ಬ ಬಸ್ ಡ್ರೈವರ್ ಅಮ್ಮಾ. ವಯಸ್ಸಲ್ಲಿ ಒಂದು ಸಲ ಮಂಜಲ್ಲಿ ಸಿಕ್ಕಿಹಾಕಿಕೊಂಡು ಎರಡು ದಿನ ಅಲೆದಿದ್ದನಂತೆ. ಆಮೇಲೆ ರಜೆ ಸಿಕ್ಕಾಗಲೆಲ್ಲ ಹತ್ತಿ ಮೂರು ಮೂರು ಕಲ್ಲು ಪೇರಿಸಿದ. ಹನ್ನೊಂದು ವರ್ಷ ಹಿಡೀತು. ಯಾಕಪ್ಪಾ ಅಂದ್ರೆ, ನನ್ನಂಥ ಇನ್ನೊಬ್ಬ ದಡ್ಡ ಬರ್ತಾನಲ್ಲ ಸಾರ್, ಅವನಿಗೆ ಅಂದ.”

ಆ ಬಿಳಿ ಪಟ್ಟೆಯ ಕಲ್ಲು ಮೇಷ್ಟ್ರ ಕಾಗದಗಳ ಮೇಲೆ ಕೂತಿತ್ತು. ಅದನ್ನು ಎತ್ತಲು ನನ್ನಿಂದ ಆಗಲಿಲ್ಲ. ಓನರಕ್ಕ ಎತ್ತಿದರು.

ಮೂರು ತಂಡಗಳು ದಾರಿ ತಪ್ಪಿದ್ದು ಪಿತೂರಿಯಲ್ಲ. ಕಂಬಿ ತರಿಸಿದವಳು ನಾನು.

ಮೇ 24

ಓಡುವುದೇ ಬೇಡ ಎಂದು ಬೆಳಿಗ್ಗೆ ತೀರ್ಮಾನಿಸಿದೆ. ಮಧ್ಯಾಹ್ನ ಮಾವ ಬಂದರು, ಕೈಯಲ್ಲಿ ಹೊಸ ಟೋಪಿ. ನನಗಲ್ಲ, ಅವರಿಗೇ. ಭಾನುವಾರ ಬಸ್ಸಿನಲ್ಲಿ ಸುತ್ತಿಕೊಂಡು ಹೋಗಿ ಡಿಪೋದಲ್ಲಿ ಕಾಯುತ್ತಾರಂತೆ. ಏಳು ಹತ್ತರ ಕೊನೆಯ ಬಸ್ಸಿಗೆ ಇಬ್ಬರೂ ವಾಪಸ್. ಅದರ ಡ್ರೈವರ್ ಅವರ ಶಿಷ್ಯ. ಟೋಪಿ ಹೇಗಿದೆ ಎಂದು ಅಮ್ಮನನ್ನು ಮೂರು ಸಲ ಕೇಳಿದರು.

“ಮಾವ, ನಿಮ್ಮ ಹತ್ರ ಒಂದು ವಿಷಯ...”

“ಭಾನುವಾರ ಓಡು. ವಿಷಯ ಸೋಮವಾರ.”

“ಅದಲ್ಲ ಮಾವ...”

“ಸೋಮವಾರ ಅಂದ್ನಲ್ಲೇ.” ಕನ್ನಡಿಯಲ್ಲಿ ಟೋಪಿ ಓರೆ ಮಾಡಿಕೊಂಡರು.

ಆ ಟೋಪಿ ನೋಡಿದ ಮೇಲೆ ಓಡುವುದಿಲ್ಲ ಎನ್ನುವುದು ಹೇಗೆ?

ಮೇ 26

ಮುಟ್ಟಿದೆ.

ಮೇ 27

ನಿನ್ನೆ ಪೆನ್ನು ಹಿಡಿಯಲು ಬೆರಳಿರಲಿಲ್ಲ. ಇವತ್ತು ಕಾಲಿಲ್ಲ, ಬೆರಳಿದೆ. ಮಲಗಿಯೇ ಬರೆಯುತ್ತಿದ್ದೇನೆ.

ಬರುವುದಿಲ್ಲ ಎಂದಿದ್ದ ಅಮ್ಮ ಅಣೆಕಟ್ಟೆಯ ಗೇಟಿಗೆ ಬಂದಿದ್ದಳು. ಚೀಲದ ಪಟ್ಟಿ ಎಳೆದು ನೋಡಿ, “ಬೀಳಬೇಡ ಅಂತ ಹೇಳಲ್ಲ. ಬಿದ್ರೆ ಜೇಬು ಹರೀದ ಹಾಗೆ ಬೀಳು” ಎಂದಳು. ನೀರಿನ ಮೇಲೆ ಬೂದುಬಣ್ಣದ ಬೆಳಕು ಹರಿಯುತ್ತಿದ್ದ ಹಾಗೆಯೇ ಹೊರಟೆ.

ಮೊದಲ ಭಾಗ ಹೇಗೆ ಹೋಯಿತೋ ಗೊತ್ತೇ ಆಗಲಿಲ್ಲ. ಹುಲ್ಲಿನ ಇಬ್ಬನಿಗೆ ಬೂಟು ಚಿಕ್ ಚಿಕ್ ಎನ್ನುತ್ತಿತ್ತು. ಜಗಳಗಂಟಿಯರ ನಡುವೆ ನುಗ್ಗುವಾಗ ‘ಸ್ವಲ್ಪ ದಾರಿ ಬಿಡಿ’ ಎಂದೆ. ಸೋರುವ ನಲ್ಲಿಯ ಬಂಡೆಸಂದಿಗೆ ಬಾಯಿಟ್ಟು ಕುಡಿದೆ. ಮಾವ ನಡಿ ಎಂದಲ್ಲಿ ನಡೆದೆ, ಓಡು ಎಂದಲ್ಲಿ ಓಡಿದೆ. ಸುಮ್ಮನೆ ನಿಂತು ನೋಡು ಎಂದಿದ್ದ ಜಾಗದಲ್ಲಿ ನಿಂತೆ. ಸೂರ್ಯ ಆಗ ತಾನೆ ಪೂರ್ತಿ ಎದ್ದಿದ್ದ. ಎದುರಿಗೆ ಬೆನ್ನು ಉದ್ದಕ್ಕೂ ಮಲಗಿತ್ತು, ಒಂದೊಂದು ಮೂಳೆಯೂ ಕಾಣುವ ಹಾಗೆ. ಇಷ್ಟನ್ನೂ ಈ ಕಾಲಿನಿಂದಲೇ ದಾಟುತ್ತೇನೆ ಎನ್ನಿಸಿ ಒಬ್ಬಳೇ ನಕ್ಕುಬಿಟ್ಟೆ. ಅಲ್ಲಿಂದ ಇಳಿಯುವಾಗ ಬಿದ್ದೆ. ಮೊಣಕಾಲು ತರಚಿತು, ಜೇಬು ಹರಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾಸುಬಂಡೆ. ಅದರ ಅಂಚಿಗೆ ಕಾಲಿಟ್ಟೆ, ಮಂಜು ಬಂತು. ತೇಲಿ ಬರಲಿಲ್ಲ, ಯಾರೋ ಬಾಗಿಲು ತೆರೆದು ಒಳಗೆ ಬಿಟ್ಟ ಹಾಗೆ ಬಂತು. ನಾಲ್ಕು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಸೂರ್ಯ ಹೋದ, ಅವನ ಜೊತೆ ನನ್ನ ಗಡಿಯಾರವೂ ಹೋಯಿತು. ಎಡಕ್ಕೆ ಎಲ್ಲೋ ಪ್ರಪಾತ ಇತ್ತು. ಬಟಾಬಯಲಲ್ಲಿ ಗುರುತು ಯಾಕೆ ಎಂದು ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ನಿಂತಲ್ಲೇ ಕೂತೆ. ಎಷ್ಟು ಹೊತ್ತೋ. ಹೆದರಿಕೆಯಾಯಿತು ಎಂದು ಬರೆದರೆ ಸಾಲದು. ಜೇಬಿನ ಕಡಲೆಬೀಜ ಎಣಿಸಿದೆ, ಎಣಿಸಿ ಮತ್ತೆ ಎಣಿಸಿದೆ. ಆಗ ಬೂಟಿನ ಪಕ್ಕದಲ್ಲಿ ಒಂದು ಕಲ್ಲು ಕಂಡಿತು. ಮಾಮೂಲಿ ಕಲ್ಲು, ಆದರೆ ಅಂಗಾತ ಬಿದ್ದಿತ್ತು. ಬಿಸಿಲು ಕಾಣದ ಅದರ ಹೊಟ್ಟೆ ಮೇಲಾಗಿತ್ತು, ಇಟ್ಟಿಗೆಗೆಂಪು. ಸುತ್ತಲ ಕಲ್ಲುಗಳೆಲ್ಲ ಬೂದು.

ಅದನ್ನು ಹಾಗೆ ಎಸೆದವಳು ನಾನೇ.

ಹದಿನೆಂಟನೆಯದು, ಹಲ್ಲಿಲ್ಲದ ಬಾಯಿ. ಗುಡ್ಡೆಯ ಬಳಿ ನಿಂತು ಬಲಗೈಯಿಂದ ಬಲಕ್ಕೆ ಎಸೆದಿದ್ದೆ, ಹಾಗಾದರೆ ಗುಡ್ಡೆ ಇದ್ದದ್ದು ಎಡಕ್ಕೆ ಆರೇಳು ಹೆಜ್ಜೆ. ತೆವಳಿಕೊಂಡು ಹೋದೆ. ಇತ್ತು! ಗುಡ್ಡೆಯಲ್ಲ, ಅದರ ಬುಡ. ಬಂಡೆಯೆಲ್ಲ ಹಾವಸೆ ಹಿಡಿದು ಕಪ್ಪಾಗಿತ್ತು, ಆ ಒಂದು ಜಾಗ ಮಾತ್ರ ತಟ್ಟೆಯಷ್ಟಗಲ ಬೆಳ್ಳಗೆ. ಅಷ್ಟು ವರ್ಷ ಕೂತಿದ್ದ ಕಲ್ಲು ತೆಗೆದರೆ ನೆಲ ಎರಡು ತಿಂಗಳಲ್ಲಿ ಮರೆಯುತ್ತದೆಯೇ?

ಮುಂದಿನದು ಮುರಿದ ಬೆಂಚು. ಇಲ್ಲಿಂದ ನೇರ, ನೂರಿಪ್ಪತ್ತು ಹೆಜ್ಜೆ. ಅಲ್ಲಿ ಕಲ್ಲು ಭಾರವಾಗಿತ್ತು, ಎರಡು ಕೈ ಬೇಕಾಗಿತ್ತು. ಅದರ ಮುಂದಿನದು ಸ್ವಲ್ಪ ಬಲಕ್ಕೆ; ಅಲ್ಲಿ ಉಗುರು ಕಿತ್ತಿತ್ತು. ಶತ್ರುಗಳ ಪಟ್ಟಿ ಬಾಯಿಪಾಠ ಇತ್ತಲ್ಲ, ಗಟ್ಟಿಯಾಗಿ ಹೇಳಿಕೊಳ್ಳುತ್ತ ಹೋದೆ, ಕಂಡಕ್ಟರ್ ಸ್ಟಾಪು ಕೂಗುವ ಹಾಗೆ. ಕೆಂಪು ಹೊಟ್ಟೆಯ ಕಲ್ಲು ಹುಡುಕು, ಬೆಳ್ಳನೆಯ ತಟ್ಟೆ ಹುಡುಕು, ಮುಂದೆ ಹೋಗು. ಒಂದೂ ತಪ್ಪಲಿಲ್ಲ. ಆ ಬೆಟ್ಟವನ್ನು ನನ್ನಷ್ಟು ಗಮನ ಕೊಟ್ಟು ಹಾಳು ಮಾಡಿದವರು ಯಾರೂ ಇರಲಾರರು.

ಪ್ರತಿ ತಟ್ಟೆಯ ಬಳಿ ಮೂರು ಕಲ್ಲು ಹುಡುಕಿ ಪೇರಿಸಿದೆ. ಹೊತ್ತು ಹೋಗುತ್ತಿದೆ, ದೀಪ ಹೊತ್ತಿಬಿಡುತ್ತದೆ ಎಂದು ಗೊತ್ತಿತ್ತು. ಕೈ ಕೇಳಲಿಲ್ಲ. ಒಂದನ್ನು ಪೇರಿಸಿ ಇನ್ನೊಂದಕ್ಕೆ ಓಡುವುದು, ಹಿಂತಿರುಗಿ ಒಂದು ಸಲ ನೋಡುವುದು. ಒಂಬತ್ತೂ ಎದ್ದವು. ಕೊನೆಯದು ಎದ್ದಾಗ ‘ಏಯ್!’ ಎಂದು ಕೂಗಿದೆ. ಮಂಜಿನೊಳಗಿಂದ ಯಾರೂ ಓಗೊಡಲಿಲ್ಲ. ಕೊಟ್ಟಿದ್ದರೆ ಓಡಿಹೋಗುತ್ತಿದ್ದೆ.

ಉಳಿದ ದಿಬ್ಬಗಳಲ್ಲಿ ಹೊತ್ತು ಎಷ್ಟಾಗಿದೆ ತಿಳಿಯದೆ ಓಡಿದೆ. ಮೊಟ್ಟೆ ತಿಂದೆ, ನೀರು ಮುಗಿಯಿತು, ತೊಡೆ ಕಟ್ಟಿಗೆಯಾಯಿತು. ಕೊನೆಯ ಇಳಿಜಾರಿನ ನೆತ್ತಿಗೆ ಬಂದಾಗ ಕೆಳಗಿನ ಕಣಿವೆಯಲ್ಲಿ ಬೆಳಕು ಕರಗುತ್ತಿತ್ತು. ಡಿಪೋ ಎಲ್ಲಿದೆ ಎಂಬುದೇ ಕಾಣದು. ದೀಪ ಹೊತ್ತಿದ್ದರೆ ಕಾಣಬೇಕಿತ್ತು. ಹೊತ್ತಿಲ್ಲ! ಆದರೆ ಯಾವ ಕ್ಷಣದಲ್ಲಾದರೂ ಹೊತ್ತಬಹುದು. ಯಾವ ಕಡೆ ಇಳಿಯಲಿ?

ಆಗ ಹಾರ್ನ್ ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ.

ನಾನು ಚಿಕ್ಕವಳಿದ್ದಾಗ ಮಾವನ ಬಸ್ಸು ನಮ್ಮ ಬೀದಿಯ ತಿರುವಿನಲ್ಲಿ ಹಾಗೇ ಕೂಗುತ್ತಿತ್ತು. ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಓಡುತ್ತಿದ್ದೆ. ನಿನ್ನೆಯೂ ಹಾಗೇ ಓಡಿದೆ. ಎಷ್ಟೊಂದು ಸಲ ಬಿದ್ದೆನೋ, ಜೇಬು ಹರಿಯಿತೋ ಇಲ್ಲವೋ, ಒಂದೂ ನೋಡಲಿಲ್ಲ. ಎರಡು ಗಿಡ್ಡ, ಒಂದು ಉದ್ದ. ಎರಡು ಗಿಡ್ಡ, ಒಂದು ಉದ್ದ. ಡಿಪೋದ ಗೋಡೆ ಎದುರಿಗೆ ಬಂತು, ಎರಡೂ ಅಂಗೈ ಇಟ್ಟು ಕೆನ್ನೆಯನ್ನೂ ಒತ್ತಿದೆ. ಗೋಡೆ ಬೆಚ್ಚಗಿತ್ತು.

“ಈಗ ಹಾಕು!” ಎಂದು ಮಾವ ಯಾರಿಗೋ ಕೂಗಿದರು. ಡಿಪೋದ ದೀಪಗಳೆಲ್ಲ ಒಟ್ಟಿಗೇ ಹೊತ್ತಿದವು.

ನೋಡಿದರೆ ಮಾವ ಸ್ವಿಚ್‌ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದಾರೆ, ಟೋಪಿ ಓರೆ. ಪಕ್ಕದಲ್ಲಿ ಕೈಕೈ ಹಿಸುಕಿಕೊಳ್ಳುತ್ತಿರುವ ಡಿಪೋದ ಕಾವಲುಗಾರ.

“ನೋಡಮ್ಮಾ ನಿಮ್ಮ ಮಾವನ್ನ! ಒಬ್ಬರ ಮುಖ ಒಬ್ಬರಿಗೆ ಕಾಣ್ತಿಲ್ಲ, ಇನ್ನೂ ಹಗಲೇ ಇದೆ ಅಂತ ಸ್ವಿಚ್ ಬಿಟ್ಟುಕೊಡ್ತಿಲ್ಲ!”

“ಹಗಲೇ ಇತ್ತು. ನಿನಗೆ ಕಣ್ಣು ಮಂಜು,” ಎಂದರು ಮಾವ.

ಬಸ್ಸಿನ ತುಂಬ ಜನ ಕತ್ತಲಲ್ಲೇ ಕೂತಿದ್ದರು, ಮಾವನ ಶಿಷ್ಯನ ಕೈ ಇನ್ನೂ ಹಾರ್ನ್ ಮೇಲೇ. ಒಬ್ಬ ಹೆಂಗಸು ಕಿಟಕಿಯಿಂದ ತಲೆ ಹಾಕಿ, “ಇವಳಿಗೇನಾ ಇಷ್ಟೊತ್ತು ಕಾಯಿಸಿದ್ದು? ನನ್ನ ಮಗು ಹಸಿದು ಅಳ್ತಿದೆ, ಗೊತ್ತಾ?” ಎಂದು ಬೈದಳು. ಆಮೇಲೆ ನನ್ನ ಮೊಣಕಾಲು ನೋಡಿ, ಅದೇ ಮಗುವಿನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟಳು. ಮುಂದಿನ ಸೀಟಿನವರು ಕಿತ್ತಳೆ ಸುಲಿದು ಕೊಟ್ಟರು. ಎಲ್ಲ ಇಸಿದುಕೊಂಡು ತಿಂದೆ. ಷರತ್ತುಗಳು ಈಗ ಬರೆಯುವಾಗ ನೆನಪಾಗುತ್ತಿವೆ.

ಬಸ್ಸು ಹೊರಟ ಮೇಲೆ ಹೇಳಿದೆ. ಸೋಮವಾರದವರೆಗೆ ತಡೆದುಕೊಳ್ಳಲಾಗಲಿಲ್ಲ.

“ಮಾವ, ಗುಡ್ಡೆ ಎಲ್ಲ ಕೆಡವಿದ್ದು ನಾನು.”

“ಗೊತ್ತು. ಆ ಬಿಳಿ ಪಟ್ಟೆ ಕಲ್ಲನ್ನ ಹೊಳೆಯಿಂದ ಹೊತ್ತು ತಂದವನು ನಾನು. ನಿನ್ನ ಮೇಜಿನ ಮೇಲೆ ನೋಡಿದಾಗ ಮೈಯೆಲ್ಲ ಉರಿದುಹೋಯ್ತು. ಎರಡು ದಿನ ನಿಮ್ಮನೇಲಿ ಊಟ ಮಾಡ್ಲಿಲ್ಲ, ನೋಡಿದ್ಯಾ?”

“ಜ್ವರ ಅಂದಿದ್ರಲ್ಲ.”

“ಜ್ವರ ನೀನೇ.”

“ಮತ್ತೆ ಯಾಕೆ ಬೈಲಿಲ್ಲ?”

ಕಿಟಕಿಯಾಚೆ ನೋಡಿದರು. ಬೆನ್ನು ಕಪ್ಪಗೆ ಜೊತೆಯಲ್ಲೇ ಓಡಿ ಬರುತ್ತಿತ್ತು.

“ಬೈದಿದ್ರೆ ನೀನು ಅವಮಾನಕ್ಕೆ ಓಡೋದನ್ನೇ ಬಿಟ್ಬಿಡ್ತಿದ್ದೆ. ನನ್ನ ಸೊಂಟ ಹೋಗಿ ಎರಡು ವರ್ಷ ಆಯ್ತು ಪುಟ್ಟಿ. ಆ ಬೆನ್ನು ಹತ್ತಿ ಬಂದು ನನ್ನ ಹತ್ರ ಅದರ ಸುದ್ದಿ ಹೇಳೋರು ಯಾರಿದ್ದಾರೆ? ಕಲ್ಲು ಮತ್ತೆ ಇಡಬಹುದು.” ನನ್ನ ಕಡೆ ತಿರುಗಿದರು. “ಹೇಳು ಈಗ. ನಿಂತು ನೋಡು ಅಂದಿದ್ನಲ್ಲ, ನಿಂತ್ಯಾ?”

ಊರು ಬರುವವರೆಗೂ ಹೇಳಿದೆ. ಹಿಂದಿನ ಸೀಟಿನವರೂ ಬಗ್ಗಿ ಕೇಳುತ್ತಿದ್ದರು.

ಮೇ 30

ಮೇಷ್ಟ್ರ ಜೊತೆ ಬೆಟ್ಟದ ಕಚೇರಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು, ಹಾಕಿಕೊಂಡು ಮತ್ತೆ ನೋಡಿದರು. “ಕೆಡವಿದೋರು ಬಂದು ಹೇಳಿದ್ದು ಇದೇ ಮೊದಲು” ಎಂದರು. ಮೂರು ತಂಡಗಳಿಗೂ ಕ್ಷಮೆ ಕೇಳಿ ಕಾಗದ ಬರೆಯಬೇಕು. ಮೂರು ತಿಂಗಳೊಳಗೆ ನಲವತ್ತೊಂದೂ ಗುಡ್ಡೆ ನಿಂತರೆ ಕಂಬಿ, ಬಾಣ ಬೇಕೋ ಬೇಡವೋ ಮತ್ತೆ ಯೋಚಿಸುತ್ತಾರಂತೆ. ಅಲ್ಲಿಯವರೆಗೆ ಕೆಲಸ ತಡೆದಿದ್ದಾರೆ, ಗುಡ್ಡೆ ಕಟ್ಟುವ ನಮಗೆ ಮಾತ್ರ ಹತ್ತಲು ಅನುಮತಿ. ಟೋಪಿ ಕಳೆದುಕೊಂಡವರಿಗೆ ಮಾವನ ಟೋಪಿ ಕೊಡೋಣವೆಂದೆ. ಮಾವ ಆ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.

ಗೋಡೆಯ ಮೇಲೆ ಐದನೆಯ ಪುಟದ ಪಕ್ಕ ಆರನೆಯದನ್ನೂ ಅಂಟಿಸಿದೆ.

ಜೂನ್ 2

ಇವತ್ತು ಭಾನುವಾರ, ಎಲ್ಲರೂ ಹೋಗಿದ್ದೆವು. ಮಾವ, ಅಮ್ಮ, ಮೇಷ್ಟ್ರು. ಓನರಕ್ಕ ಕೂಡ ಅಂಗಡಿಗೆ ಬೀಗ ಹಾಕಿ ಬಂದರು, ದಾರಿಯುದ್ದಕ್ಕೂ ಬೈದುಕೊಂಡು: “ಇವಳು ಕೆಡವೋದು, ನಾವು ಕಟ್ಟೋದು. ಒಳ್ಳೇ ಕ್ರಾಂತಿ!” ನಾನು ಒಂದು ಗಂಟೆಗೆ ಮುಟ್ಟುವ ಜಾಗಕ್ಕೆ ಮಾವನ ಸೊಂಟಕ್ಕೆ ಅರ್ಧ ದಿನ. ಹತ್ತು ಹೆಜ್ಜೆಗೊಮ್ಮೆ ಕೂರುವುದು, ಅದೇ ಬೆಟ್ಟವನ್ನು ಹೊಸದೆಂಬಂತೆ ನೋಡುವುದು. ದಾರಿಯಲ್ಲಿ ಒಂದು ನೀಲಿ ಹೂವು ತೋರಿಸಿದರು. ಅಷ್ಟು ಸಲ ಓಡಿದರೂ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಜಗಳಗಂಟಿಯರ ನಡುವೆ ಮೊದಲ ಗುಡ್ಡೆ ಪೇರಿಸಿದೆವು. ಅಂಗಡಿಯಿಂದ ತಂದ ಬಿಳಿ ಪಟ್ಟೆಯ ಕಲ್ಲನ್ನು ನೆತ್ತಿಗೆ ನಾನೇ ಇಟ್ಟೆ. ಮಾವ ಕತ್ತು ಓರೆ ಮಾಡಿ ನೋಡಿ, ಒಂದು ಬೆರಳಿನಷ್ಟು ಸರಿಸಿ, ಕೈ ಒರೆಸಿಕೊಂಡರು. ಹಾಸುಬಂಡೆಯ ಮೇಲೆ ಮಂಜಿನಲ್ಲಿ ನಾನು ಪೇರಿಸಿದ ಒಂಬತ್ತೂ ಹೀಗೇ ಸೊಟ್ಟಗಿದ್ದರೆ ಅವನ್ನೂ ಕೆಡವಿ ಕಟ್ಟಿಸುತ್ತಾರಂತೆ.

ಸಂಜೆಯ ಹೊತ್ತಿಗೆ ಮೂರು ಗುಡ್ಡೆ ಆಯಿತು. ಈ ನಡಿಗೆಯಲ್ಲಿ ಹೋದರೆ ಇನ್ನೂ ಹತ್ತು ಭಾನುವಾರ ಬೇಕು ಎಂದು ಮೇಷ್ಟ್ರು ಲೆಕ್ಕ ಹಾಕಿದರು.

ಹತ್ತೇ ಸಾಕಾ ಮೇಷ್ಟ್ರೇ, ಇನ್ನೊಂದು ಸಲ ಎಣಿಸಿ ನೋಡಿ ಎಂದೆ.